ಒಂದು ಅಂಕದ ಉತ್ತರದೊಳಗಿದ್ದ ಮನುಷ್ಯ

ಸಮಾಜಶಾಸ್ತ್ರ ಓದಿದವರಿಗೆ ಪ್ಯಾಟ್ರಿಕ್ ಗೆಡ್ಡೆಸ್ ಅಂದರೆ ಒಂದು ಅಂಕ. ಬಾಂಬೆ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರು ಯಾರು? ಗೆಡ್ಡೆಸ್, 1919. ಕೆ–ಸೆಟ್ ತಯಾರಿಯ ನೋಟ್ಸಿನಲ್ಲಿ ನಾನೂ ಹಾಗೇ ಬರೆದುಕೊಂಡು, ಕೆಳಗೊಂದು ಹಸಿರು ಗೆರೆ ಎಳೆದು ಮುಂದಿನ ಪುಟಕ್ಕೆ ಹೋಗಿದ್ದೆ. ಅದೇ ಮನುಷ್ಯನನ್ನು ಮತ್ತೆ ಹುಡುಕಿಕೊಂಡು ಹೋಗುವಂತೆ ಮಾಡಿದ್ದು ನಮ್ಮ ಓಣಿಯ ಗೋಡೆಗಳ ಮೇಲೆ ಬಿದ್ದ ಕೆಂಪು ಗುರುತುಗಳು.

ನಮ್ಮದು ಹಳೇ ಊರಿನ ಓಣಿ. ಒಂದು ಆಟೊ ಬಂದರೆ ಎದುರಿನ ಬೈಕು ಯಾರದಾದರೂ ಕಟ್ಟೆಗೆ ಒತ್ತಿಕೊಂಡು ನಿಲ್ಲಬೇಕು. ಕಳೆದ ಬೇಸಿಗೆಯಲ್ಲಿ ಟೇಪು ಹಿಡಿದು ಬಂದವರು, ರಸ್ತೆ ಅಗಲ ಮಾಡುವುದಿದೆ ಎಂದು ಹೇಳಿ ಮನೆಮನೆಯ ಗೋಡೆಗೂ ಅಂಕಿ ಬರೆದು ಹೋದರು. ನಮ್ಮ ಮನೆಯ ಲೆಕ್ಕ ಪಡಸಾಲೆ ದಾಟಿ ನಡುಮನೆಯ ಕಂಬದ ತನಕ ಬಂದಿತ್ತು. ಅದೇ ತಿಂಗಳು ಓಣಿಯ ಕೊನೆಯಲ್ಲಿದ್ದ ಸಂದಿಗೆ ಅದರ ಮಾಲೀಕರು ಗೇಟು ಹಾಕಿಸಿದರು. ನಾನು ಶಾಲೆಗೆ, ಅವ್ವ ಸಂತೆಗೆ, ಅಜ್ಜ ಗುಡಿಗೆ ಹೋಗುತ್ತಿದ್ದ ದಾರಿ ಅದು. ಕಾಗದಪತ್ರದ ಪ್ರಕಾರ ಅದು ಅವರ ಸ್ವಂತ ಜಾಗ. ಒಂದು ಕಡೆ ಗಾಡಿಗಳಿಗಾಗಿ ಮನೆ ಒಡೆಯುವ ಮಾತು, ಇನ್ನೊಂದು ಕಡೆ ಕಾಲಲ್ಲಿ ನಡೆಯುವವರ ದಾರಿಯೇ ಬಂದ್. ಊರಿನ ದಾರಿ ಯಾರದು, ಅದನ್ನು ಯಾರು ಹೇಗೆ ನಿರ್ಧರಿಸಬೇಕು ಎಂಬ ಪ್ರಶ್ನೆ ಹಿಡಿದು ಗ್ರಂಥಾಲಯದಲ್ಲಿ ನಗರ ಯೋಜನೆಯ ಪುಸ್ತಕ ತೆಗೆದರೆ, ಅಲ್ಲಿ ಮತ್ತೆ ಅದೇ ಗೆಡ್ಡೆಸ್ ಸಿಕ್ಕಿದರು.

ಅವರು ಹುಟ್ಟಿದ್ದು 1854ರ ಅಕ್ಟೋಬರ್ 2ರಂದು, ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬ ಸಣ್ಣ ಊರಿನಲ್ಲಿ. ತಂದೆ ಸೈನ್ಯದಲ್ಲಿದ್ದವರು. ಬೆಳೆದದ್ದು ಪರ್ತ್ ಪಟ್ಟಣದ ಅಂಚಿನ ಗುಡ್ಡದ ಮೇಲಿನ ಮನೆಯಲ್ಲಿ. ತಂದೆಯ ಜೊತೆ ಸುತ್ತಲಿನ ಗುಡ್ಡಗಳಲ್ಲಿ ಅಡ್ಡಾಡುತ್ತಾ, ಕೆಳಗಿನ ಊರನ್ನು ನೋಡುತ್ತಾ ಬೆಳೆದ ಹುಡುಗ. ಶಾಲೆ ಮುಗಿದ ಮೇಲೆ ಕೆಲವು ಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಅದು ಹಿಡಿಸಲಿಲ್ಲ. ಸಸ್ಯಶಾಸ್ತ್ರ ಓದಲೆಂದು ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿ ಒಂದೇ ವಾರಕ್ಕೆ ಬಿಟ್ಟರು. ಲಂಡನ್ನಿಗೆ ಹೋಗಿ, ಆ ಕಾಲದ ದೊಡ್ಡ ಜೀವಶಾಸ್ತ್ರಜ್ಞ ಥಾಮಸ್ ಹಕ್ಸ್‌ಲಿ ಅವರ ಶಿಷ್ಯರಾದರು. ಆದರೆ ಪದವಿ ಎಂಬುದನ್ನು ಅವರು ಕೊನೆಯವರೆಗೂ ಪಡೆಯಲೇ ಇಲ್ಲ. ಪರೀಕ್ಷೆಗಳ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಕೈಯಲ್ಲಿ ಅರ್ಜಿ ಸಂಖ್ಯೆ ಹಿಡಿದು ಕೂತಿರುವ ನಮ್ಮಂಥವರು ಇದನ್ನು ಅನುಸರಿಸುವ ಹಾಗಿಲ್ಲ, ಆದರೂ ಓದಿದಾಗ ಒಂದು ಕ್ಷಣ ಖುಷಿಯಾಯಿತು.

1879ರಲ್ಲಿ ಜೀವಿಗಳ, ಪಳೆಯುಳಿಕೆಗಳ ಸಂಗ್ರಹಕ್ಕೆಂದು ಮೆಕ್ಸಿಕೊಗೆ ಹೋದಾಗ ಅವರ ಕಣ್ಣು ಕೆಟ್ಟಿತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಬೇಕಾಯಿತು. ದೃಷ್ಟಿ ಮರಳಿತು, ಆದರೆ ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಮಾಡುವ ಕೆಲಸ ಮುಂದೆ ಕಷ್ಟವಾಯಿತು. ಆಯ್ದುಕೊಂಡ ವೃತ್ತಿ ಇಪ್ಪತ್ತೈದನೇ ವಯಸ್ಸಿಗೇ ಕೈತಪ್ಪುವಂತಾಗಿತ್ತು. ಆ ಕತ್ತಲೆಯಲ್ಲಿ ಕಿಟಕಿಯ ಚೌಕಗಳನ್ನು ಬೆರಳಿನಲ್ಲಿ ಮುಟ್ಟುತ್ತಾ, ವಿಚಾರಗಳನ್ನು ಹಾಗೆ ಮನೆಮನೆಯಾಗಿ ಜೋಡಿಸುವುದನ್ನು ಅವರು ಕಂಡುಕೊಂಡರು. ಹಾಳೆಯನ್ನು ಮಡಚಿ ಚೌಕ ಮಾಡಿ ಯೋಚಿಸುವ ಈ ರೂಢಿ ಜೀವನದ ಕೊನೆವರೆಗೂ ಉಳಿಯಿತು. ಗಿಡ, ಪ್ರಾಣಿಗಳು ತಾವಿರುವ ಜಾಗದೊಂದಿಗೆ ಹೇಗೆ ಹೊಂದಿಕೊಂಡು ಬದುಕುತ್ತವೆ ಎಂದು ನೋಡುತ್ತಿದ್ದವರು ನಿಧಾನವಾಗಿ ಮನುಷ್ಯರು, ಊರುಗಳ ಕಡೆ ತಿರುಗಿದರು.

1886ರಲ್ಲಿ ಆನಾ ಮಾರ್ಟನ್ ಅವರನ್ನು ಮದುವೆಯಾದರು. ಮದುವೆಯಾದ ಸ್ವಲ್ಪ ಕಾಲದಲ್ಲೇ ಗಂಡ ಹೆಂಡತಿ ಮಾಡಿದ ಕೆಲಸ ನೋಡಿ ಪರಿಚಯದವರೆಲ್ಲ ಬೆರಗಾಗಿರಬೇಕು. ಎಡಿನ್‌ಬರೋದ ಅನುಕೂಲಸ್ಥರು ವಿಶಾಲವಾದ ಹೊಸ ಬಡಾವಣೆಗೆ ಹೋಗಿ ಎಷ್ಟೋ ಕಾಲವಾಗಿತ್ತು. ಇವರು ಹಳೇ ಊರಿನ ಜೇಮ್ಸ್ ಕೋರ್ಟ್ ಎಂಬ ಕಿಕ್ಕಿರಿದ, ಕೊಳಕಾದ ವಠಾರಕ್ಕೆ ಹೋಗಿ ಮನೆ ಮಾಡಿದರು. ಅಲ್ಲಿನ ಓಣಿಗಳ ವಿಷಯ ಓದಿದಾಗ ನನಗೆ ನಮ್ಮ ಸಂದಿಯ ಗೇಟು ನೆನಪಾಯಿತು. ಆ ಊರಿನಲ್ಲಿ ಎರಡು ಬಗೆಯ ಓಣಿಗಳಿದ್ದವು. ವೈಂಡ್ ಅಂದರೆ ಯಾರು ಬೇಕಾದರೂ ಹಾದುಹೋಗಬಹುದಾದ ಸಾರ್ವಜನಿಕ ದಾರಿ. ಕ್ಲೋಸ್ ಅಂದರೆ ಖಾಸಗಿ ಸ್ವತ್ತು, ಅದರ ಬಾಯಿಗೆ ಬಾಗಿಲಿಟ್ಟು ಮುಚ್ಚುವುದಕ್ಕೆ ಅವಕಾಶವಿತ್ತು. ಹೆಸರಿನಲ್ಲೇ ಯಾವುದು ಯಾರದು ಎಂಬ ಲೆಕ್ಕವಿತ್ತು.

ಗೆಡ್ಡೆಸ್ ದಂಪತಿ ಅಲ್ಲಿ ಭಾಷಣ ಮಾಡಲಿಲ್ಲ. ತಾವೇ ಪೊರಕೆ ಹಿಡಿದು ಅಂಗಳ ಗುಡಿಸಿದರು, ಸುಣ್ಣ ಬಳಿದರು, ಕಿಟಕಿಗೆ ಹೂವಿನ ಡಬ್ಬಿ ಇಟ್ಟರು. ನೆರೆಯವರು ಒಬ್ಬೊಬ್ಬರಾಗಿ ಕೈಜೋಡಿಸಿದರು. ತೀರಾ ಹಾಳಾದ ಕಟ್ಟಡಗಳನ್ನಷ್ಟೇ ಕೆಡವಿ ಅಲ್ಲಿ ಬೆಳಕು ಗಾಳಿ ಬರುವ ಸಣ್ಣ ಅಂಗಳ ಮಾಡಿದರು, ಉಳಿದವನ್ನು ದುರಸ್ತಿ ಮಾಡಿದರು. ವಿದ್ಯಾರ್ಥಿಗಳೇ ನಡೆಸಿಕೊಳ್ಳುವ ಹಾಸ್ಟೆಲನ್ನೂ ಅಲ್ಲೇ ಆರಂಭಿಸಿದರು. 1892ರಲ್ಲಿ ಹತ್ತಿರದ ಒಂದು ಗೋಪುರವನ್ನು ಕೊಂಡು, ಮೇಲಿನಿಂದ ಇಡೀ ಊರನ್ನು ನೋಡುತ್ತಾ, ಕೆಳಗಿಳಿಯುತ್ತಾ ಊರು, ದೇಶ, ಪ್ರಪಂಚವನ್ನು ಅರಿಯುವ ವಸ್ತುಸಂಗ್ರಹಾಲಯ ಮಾಡಿದರು. ಆದರೆ ಹಣದ ಲೆಕ್ಕದಲ್ಲಿ ಅವರು ಜಾಣರಲ್ಲ. ಸಾಲ ಬೆಳೆಯಿತು. ಕೊನೆಗೆ ಹಿತೈಷಿಗಳು ಒಂದು ಕಂಪನಿ ಕಟ್ಟಿ ಆ ಕಟ್ಟಡಗಳ ಹೊಣೆ ಹೊತ್ತರು. ಕೆಲಸದ ವಿಷಯದಲ್ಲೂ ಅಷ್ಟೇ. ಹಲವು ಕಡೆ ಅರ್ಜಿ ಹಾಕಿ ಸೋತ ಮೇಲೆ 1888ರಲ್ಲಿ ಡಂಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ವರ್ಷದಲ್ಲಿ ಬೇಸಿಗೆಯ ಅವಧಿಯಷ್ಟೇ ಪಾಠ. ಮಿಕ್ಕ ತಿಂಗಳುಗಳನ್ನೆಲ್ಲ ಅವರು ಊರುಗಳಿಗೆ ಕೊಟ್ಟರು.

ಭಾರತಕ್ಕೆ ಬಂದಾಗ ಅವರಿಗೆ ಅರವತ್ತು ವರ್ಷ. ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲ್ಯಾಂಡ್ ಅವರ ಆಹ್ವಾನದ ಮೇಲೆ 1914ರಲ್ಲಿ ಬಂದರು. ಪ್ರಪಂಚದ ನಗರಗಳ ನಕ್ಷೆ, ಚಿತ್ರಗಳನ್ನೆಲ್ಲ ವರ್ಷಗಟ್ಟಲೆ ಕೂಡಿಸಿ ಮಾಡಿದ ಪ್ರದರ್ಶನ ಬೇರೆ ಹಡಗಿನಲ್ಲಿ ಬರುತ್ತಿತ್ತು. ಆಗಷ್ಟೇ ಮಹಾಯುದ್ಧ ಶುರುವಾಗಿತ್ತು. ಜರ್ಮನಿಯ ಎಮ್ಡೆನ್ ಎಂಬ ಯುದ್ಧನೌಕೆ ಆ ಹಡಗನ್ನು ಮುಳುಗಿಸಿತು. ಜೀವಮಾನದ ಕೆಲಸ ಸಮುದ್ರ ಸೇರಿತು. ಸ್ನೇಹಿತರು ಮತ್ತೆ ಸಾಮಗ್ರಿ ಕೂಡಿಸಿ ಕಳಿಸಿದರು, 1915ರ ಆರಂಭದಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ನಡೆದೇ ನಡೆಯಿತು. ಆಮೇಲೆ ಅವರು ಊರೂರು ತಿರುಗಿದರು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯೂ ಅವರು ನೋಡಿ ವರದಿ ಬರೆದ ಊರುಗಳಲ್ಲಿ ಒಂದು.

ಆ ಕಾಲದ ಎಂಜಿನಿಯರುಗಳ ರೀತಿ ಸರಳವಾಗಿತ್ತು. ಊರು ಇಕ್ಕಟ್ಟಾಗಿದೆಯೇ? ನಕ್ಷೆಯ ಮೇಲೆ ಸ್ಕೇಲಿಟ್ಟು ನೇರ ಗೆರೆ ಎಳೆ, ಅಡ್ಡ ಬಂದ ಮನೆಗಳನ್ನು ಕೆಡವು. ಗೆಡ್ಡೆಸ್ ಇದನ್ನು ಒಪ್ಪಲಿಲ್ಲ. ಮನೆ ಕಳೆದುಕೊಂಡ ಬಡವರು ಗಾಳಿಯಲ್ಲಿ ಕರಗಿ ಹೋಗುವುದಿಲ್ಲ, ಪಕ್ಕದ ಓಣಿಗೆ ಹೋಗಿ ಅಲ್ಲಿನ ಇಕ್ಕಟ್ಟನ್ನು ಇಮ್ಮಡಿ ಮಾಡುತ್ತಾರೆ ಎಂಬುದು ಅವರ ಮೊದಲ ತಕರಾರು. ಬಿಸಿಲಿನ ನಾಡಿನಲ್ಲಿ ಕಿರಿದಾದ ಓಣಿ ನೆರಳು ಕೊಡುತ್ತದೆ, ಅನಗತ್ಯವಾಗಿ ಅಗಲವಾದ ರಸ್ತೆ ಧೂಳು ಮತ್ತು ಬಿಸಿಲು ಕೊಡುತ್ತದೆ ಎಂಬುದು ಎರಡನೆಯದು. ಖರ್ಚು ವಿಪರೀತ ಎಂಬುದು ಮೂರನೆಯದು. ಹಾಗೆಂದು ಇದ್ದದ್ದು ಇದ್ದಂತೆ ಇರಲಿ ಎನ್ನುವವರೂ ಅವರಲ್ಲ. ದೂರ ಹೋಗುವ ಗಾಡಿಗಳಿಗೆ ಊರ ಹೊರಗಿಂದ ದೊಡ್ಡ ರಸ್ತೆ ಬೇಕು, ಓಣಿಯೊಳಗೆ ಅಲ್ಲಿ ಬದುಕುವವರು ನಡೆದಾಡುವಂತಿರಬೇಕು ಎಂದು ಬೇರ್ಪಡಿಸಿ ನೋಡುತ್ತಿದ್ದರು. ಓಣಿಯ ಪ್ರತಿ ಮನೆ, ಬಾವಿ, ಮರ, ಗುಡಿಯನ್ನು ಕಾಲ್ನಡಿಗೆಯಲ್ಲಿ ನೋಡಿ ನಕ್ಷೆಗೆ ಇಳಿಸುತ್ತಿದ್ದರು. ಬಿದ್ದುಹೋದ ಮನೆ, ಪಾಳು ನಿವೇಶನ ಎಲ್ಲಿವೆ ಎಂದು ಗುರುತಿಸಿ, ಅವನ್ನಷ್ಟೇ ತೆರವು ಮಾಡಿ, ಓಣಿ ಅಲ್ಲಲ್ಲಿ ಸಣ್ಣ ಬಯಲಿಗೆ ತೆರೆದುಕೊಳ್ಳುವಂತೆ ಮಾಡಿ, ಅಲ್ಲೊಂದು ಮರ ನೆಡುವುದು. ಜೀವ ಉಳಿಸಿಕೊಂಡು ಮಾಡುವ ಶಸ್ತ್ರಚಿಕಿತ್ಸೆ ಎಂಬ ಅರ್ಥದ ಹೆಸರನ್ನು ಈ ವಿಧಾನಕ್ಕೆ ಕೊಟ್ಟಿದ್ದರು.

1917 ಅವರನ್ನು ನೆಲಕ್ಕೆ ಕೆಡವಿದ ವರ್ಷ. ಹಿರಿಯ ಮಗ ಅಲಸ್ಡೇರ್ ಫ್ರಾನ್ಸಿನ ರಣರಂಗದಲ್ಲಿ ಸತ್ತ ಸುದ್ದಿ ಬಂದಾಗ ಆನಾ ಇಲ್ಲಿ ಜ್ವರದಿಂದ ಮಲಗಿದ್ದರು. ಆಕೆಗೆ ಅದನ್ನು ಹೇಳುವ ಧೈರ್ಯ ಅವರಿಗೆ ಬರಲಿಲ್ಲ. ತಿಳಿಯದೆಯೇ ಆಕೆಯೂ ಹೋದರು. ಆಮೇಲೆ ಗೆಡ್ಡೆಸ್ ಮಾಡಿದ್ದು ಒಂದೇ, ಕೆಲಸ.

ಇಂದೋರಿನ ಪ್ರಸಂಗ ಆ ದಿನಗಳದು. ಊರಿನಲ್ಲಿ ಪ್ಲೇಗು. ನಕ್ಷೆ ಹಿಡಿದು ಓಣಿ ತಿರುಗುವ ಗಡ್ಡದ ಬಿಳಿಯ ಮುದುಕನನ್ನು ಕಂಡರೆ ಜನ ಹೆದರಿ ಓಡುತ್ತಿದ್ದರು. ಗುರುತು ಹಾಕುವವನು ಬಂದರೆ ಮನೆ ಹೋಯಿತೆಂದೇ ಅರ್ಥ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಗೆಡ್ಡೆಸ್ ಮಹಾರಾಜರ ಬಳಿ ಹೋಗಿ ಒಂದು ದಿನದ ಅಧಿಕಾರ ಕೇಳಿದರಂತೆ. ಸಿಕ್ಕಿತು. ಈ ಸಲದ ದೀಪಾವಳಿ ಮೆರವಣಿಗೆ ಹಳೆಯ ದಾರಿಯಲ್ಲಿ ಹೋಗುವುದಿಲ್ಲ, ಯಾವ ಬೀದಿಯವರು ತಮ್ಮ ಮನೆ ಬೀದಿಯನ್ನು ಚೊಕ್ಕಟ ಮಾಡುತ್ತಾರೋ ಅಲ್ಲಿಗೆ ಬರುತ್ತದೆ ಎಂದು ಸಾರಿಸಿದರು. ನಮ್ಮ ಬೀದಿಗೆ ತೇರು ಬರಲಿಲ್ಲ ಅನ್ನಿಸಿಕೊಳ್ಳಲು ಯಾರಿಗೆ ತಾನೆ ಇಷ್ಟ? ಗಾಡಿಗಟ್ಟಲೆ ಕಸ ಹೊರಬಿತ್ತು, ಇಲಿಗಳು ಬೋನಿಗೆ ಬಿದ್ದವು, ಗೋಡೆಗಳು ಸುಣ್ಣ ಕಂಡವು. ಮೆರವಣಿಗೆಯಲ್ಲಿ ಪ್ಲೇಗಿನ ದೊಡ್ಡ ಇಲಿಯ ಬೊಂಬೆಯೂ ಇತ್ತು, ಶುಭ್ರ ಬಟ್ಟೆ ತೊಟ್ಟು ಹಾರ ಹಾಕಿಸಿಕೊಂಡ ಪೌರಕಾರ್ಮಿಕರೂ ಇದ್ದರು. ಅವರನ್ನು ಮೆರವಣಿಗೆಯಲ್ಲಿ ಗೌರವದಿಂದ ನಡೆಸಿದ್ದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಇಂದೋರಿನ ವರದಿ 1918ರಲ್ಲಿ ಎರಡು ಸಂಪುಟಗಳಾಗಿ ಬಂತು.

1919ರಿಂದ 1924ರವರೆಗೆ ಬಾಂಬೆಯಲ್ಲಿ ಪಾಠ. ನಮ್ಮ ಪಠ್ಯದ ಇನ್ನೊಂದು ಒಂದಂಕದ ಉತ್ತರವಾದ ಜಿ.ಎಸ್. ಘುರ್ಯೆ ಅವರ ನಂತರ ಆ ವಿಭಾಗ ವಹಿಸಿಕೊಂಡರು. 1925ರಲ್ಲಿ ಟೆಲ್ ಅವೀವ್ ನಗರಕ್ಕೆ ಯೋಜನೆ ಬರೆದುಕೊಟ್ಟರು. ವಾಹನ ಓಡುವ ಮುಖ್ಯರಸ್ತೆ, ಮನೆಗಳಿಗೆ ಹೋಗುವ ಸಣ್ಣ ಬೀದಿ, ಅದರೊಳಗೆ ನಡೆಯುವವರಿಗಷ್ಟೇ ಇರುವ ಗಿಡಬಳ್ಳಿಯ ಕಿರುದಾರಿ, ನಡುವೆ ಎಲ್ಲರಿಗೂ ಸೇರಿದ ಕೈತೋಟ ಎಂದು ದಾರಿಗಳನ್ನು ಹಂತಹಂತವಾಗಿ ವಿಂಗಡಿಸಿದ ಯೋಜನೆ ಅದು. ಆ ನಗರಭಾಗ ಇಂದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. 1932ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ಏಪ್ರಿಲ್ 17ರಂದು ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ ತೀರಿಕೊಂಡರು.

ಅವರನ್ನು ದೇವರ ಪಟ ಮಾಡುವುದು ಬೇಡ. ಮಾತು ಗಡ್ಡದೊಳಗೇ ಉಳಿದು ಕೇಳುವವರಿಗೆ ತಿಳಿಯುತ್ತಿರಲಿಲ್ಲ. ಶುರು ಮಾಡಿದ್ದನ್ನು ಮುಗಿಸುವ ತಾಳ್ಮೆ ಕಡಿಮೆ. ಎಂಜಿನಿಯರುಗಳನ್ನು ಎದುರು ಹಾಕಿಕೊಂಡರು. ಭಾರತದ ಹತ್ತಾರು ಊರುಗಳಿಗೆ ಬರೆದ ವರದಿಗಳಲ್ಲಿ ಬಹುಪಾಲು ಕಡತದಲ್ಲೇ ಉಳಿದವು.

ಆದರೂ ನಾನು ಪುಸ್ತಕ ಮುಚ್ಚಿ ಟೇಪು ಹುಡುಕಿದೆ. ಓಣಿಯ ನಾವು ಐದು ಜನ, ಇಬ್ಬರು ಡಿಪ್ಲೊಮಾ ಓದುವವರು, ಮೂವರು ಕೆಲಸ ಹುಡುಕುವವರು, ನಾಲ್ಕು ಸಂಜೆ ಓಣಿಯನ್ನು ಅಳೆದು ನಕ್ಷೆ ಮಾಡಿದೆವು. ಹುಟ್ಟಿದಾಗಿನಿಂದ ನಡೆದ ಓಣಿಯಲ್ಲಿ ಎರಡು ಬಿದ್ದ ಮನೆ, ಒಂದು ಪಾಳು ಹಿತ್ತಲು ಇರುವುದು ಆಗಲೇ ಕಣ್ಣಿಗೆ ಬಿದ್ದದ್ದು. ಮಾಲೀಕರಿಗೆ ಪರಿಹಾರ ಕೊಟ್ಟು ಆ ಮೂರು ಜಾಗ ತೆಗೆದುಕೊಂಡರೆ ಗಾಡಿ ತಿರುಗಿಸಲು, ಎದುರಿನ ಗಾಡಿಗೆ ದಾರಿ ಬಿಡಲು ಜಾಗವಾಗುತ್ತದೆ. ಜನ ವಾಸವಿರುವ ಮನೆ ಒಂದೂ ಒಡೆಯಬೇಕಿಲ್ಲ. ನಕ್ಷೆಯ ಜೊತೆ ಆಕ್ಷೇಪಣೆ ಬರೆದು ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಉತ್ತರ ಬಂದಿಲ್ಲ. ಕೆಂಪು ಅಂಕಿಗಳು ಗೋಡೆ ಮೇಲೆ ಹಾಗೇ ಇವೆ.

ಸಂದಿಯ ಮಾಲೀಕರ ಮನೆಗೂ ಹೋಗಿದ್ದೆವು. ರಾತ್ರಿ ಅಲ್ಲಿ ಕುಡಿದು ಬಾಟಲಿ ಒಡೆದು ಹೋಗುತ್ತಾರೆ, ಬೆಳಿಗ್ಗೆ ತಾವೇ ಗುಡಿಸಬೇಕು ಎಂದು ಅವರು ನೋವು ತೋಡಿಕೊಂಡರು. ಅದು ನಮಗೆ ಗೊತ್ತೇ ಇರಲಿಲ್ಲ. ವಾರಕ್ಕೊಬ್ಬರು ಸಂದಿ ಗುಡಿಸುವುದು, ಅವರು ಬೆಳಿಗ್ಗೆ ಆರಕ್ಕೆ ಗೇಟು ತೆಗೆದು ರಾತ್ರಿ ಒಂಬತ್ತಕ್ಕೆ ಹಾಕುವುದು ಎಂದು ಮಾತಾಯಿತು. ಈ ವಾರ ಸರದಿ ನನ್ನದು. ಪರೀಕ್ಷೆಗೆ ಇನ್ನು ಇಪ್ಪತ್ತೆರಡು ದಿನ ಇದೆ, ಪೊರಕೆ ಗೇಟಿನ ಹಿಂದೆಯೇ ಇಟ್ಟಿದ್ದೇನೆ.