ವಿ. ಶಾಂತಾರಾಂ: ಹುಬ್ಬಳ್ಳಿಯಲ್ಲಿ ಬಾಗಿಲು ಕಾದ ಹುಡುಗ, ಮೂಕಿ ಚಿತ್ರಗಳ ನಿರ್ದೇಶಕ

ಮೂಕಿ ಚಿತ್ರ ಎಂದರೆ ಸದ್ದೇ ಇಲ್ಲದ ಚಿತ್ರಮಂದಿರ, ಪರದೆಯ ಮೇಲೆ ಗಡಿಬಿಡಿಯಿಂದ ಓಡಾಡುವ ಜನ. ನಮ್ಮಲ್ಲಿ ಹಲವರು ಹೀಗೇ ಅಂದುಕೊಂಡಿದ್ದೇವೆ. ಇದು ನಿಜವೇ? ಒಬ್ಬರ ಬದುಕಿನ ಮೂಲಕ ನೋಡೋಣ.

ಶಾಂತಾರಾಂ ವಣಕುದ್ರೆ ಹುಟ್ಟಿದ್ದು 1901ರ ನವೆಂಬರ್ 18ರಂದು, ಕೊಲ್ಹಾಪುರದಲ್ಲಿ. ಹುಬ್ಬಳ್ಳಿಯಲ್ಲಿ ಹುಟ್ಟಿದರು ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ತಿದ್ದಿ. ಆದರೆ ಹುಬ್ಬಳ್ಳಿಯ ನಂಟು ನಿಜ. ಹದಿಹರೆಯದಲ್ಲಿ ಅವರು ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದರು. ಚಿತ್ರಮಂದಿರವೊಂದರಲ್ಲಿ ಬಾಗಿಲು ಕಾದರು, ಬೋರ್ಡ್ ಬರೆದರು. ಸಿನಿಮಾದ ಹುಚ್ಚು ಹತ್ತಿದ್ದು ಅಲ್ಲಿಯೇ.

1920ರಲ್ಲಿ ಕೊಲ್ಹಾಪುರಕ್ಕೆ ಮರಳಿ ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ ಸೇರಿದರು. ಸಿಕ್ಕ ಕೆಲಸವನ್ನೆಲ್ಲ ಮಾಡುತ್ತಲೇ ನಟನೆ, ನಿರ್ದೇಶನ ಕಲಿತರು. 1925ರ 'ಸಾವಕಾರಿ ಪಾಶ್'ನಲ್ಲಿ ಸಾಲಕ್ಕೆ ಸಿಕ್ಕಿ ಹೊಲ ಕಳೆದುಕೊಳ್ಳುವ ರೈತನಾದರು. 1927ರಲ್ಲಿ 'ನೇತಾಜಿ ಪಾಲ್ಕರ್' ನಿರ್ದೇಶಿಸಿದರು. 1929ರಲ್ಲಿ ಗೆಳೆಯರೊಂದಿಗೆ ಪ್ರಭಾತ್ ಫಿಲ್ಮ್ ಕಂಪನಿ ಕಟ್ಟಿದರು.

ಮೂಕಿ ಚಿತ್ರಕ್ಕೆ ಮಾತಿರಲಿಲ್ಲ, ಚಿತ್ರಮಂದಿರಕ್ಕೆ ಇತ್ತು. ಪರದೆಯ ಪಕ್ಕ ಹಾರ್ಮೋನಿಯಂ, ತಬಲಾ ನುಡಿಸುತ್ತಿದ್ದರು. ಓದು ಬಾರದವರಿಗಾಗಿ ಒಬ್ಬರು ಕಥೆ ವಿವರಿಸುವುದೂ ಇತ್ತು. ಮಾತಿಲ್ಲದ ಚಿತ್ರಕ್ಕೂ ಬ್ರಿಟಿಷ್ ಸರ್ಕಾರ ಹೆದರುತ್ತಿತ್ತು. 1930ರಲ್ಲಿ ಶಿವಾಜಿಯ ಕುರಿತು ಶಾಂತಾರಾಂ ತೆಗೆದ ಚಿತ್ರದ ಹೆಸರಿನಲ್ಲಿ 'ಸ್ವರಾಜ್ಯ' ಇದ್ದದ್ದಕ್ಕೆ ಸೆನ್ಸಾರ್ ಒಪ್ಪಲಿಲ್ಲ. ಅದು 'ಉದಯಕಾಲ್' ಆಗಿ ತೆರೆ ಕಂಡಿತು.

ಇನ್ನು ಆ ಗಡಿಬಿಡಿ ಓಟ? ಆಗಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16ರಿಂದ 18 ಚಿತ್ರಗಳು ಮೂಡುತ್ತಿದ್ದವು. ಅದನ್ನೇ ನಂತರದ 24ರ ವೇಗದಲ್ಲಿ ಓಡಿಸಿದಾಗ ಜನ ಓಡಿದಂತೆ ಕಾಣುತ್ತಾರೆ. ತಪ್ಪು ನಟರದ್ದಲ್ಲ, ಯಂತ್ರದ ವೇಗದ್ದು.

1932ರಲ್ಲಿ 'ಅಯೋಧ್ಯೇಚಾ ರಾಜಾ' ಮೂಲಕ ಶಾಂತಾರಾಂ ಟಾಕಿಗೆ ಬಂದರು. ಮುಂದೆ 'ದೋ ಆಂಖೇ ಬಾರಹ್ ಹಾಥ್' (1957) ಬರ್ಲಿನ್‌ನಲ್ಲಿ ಪ್ರಶಸ್ತಿ ಗೆದ್ದಿತು. 1985ರ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 1990ರ ಅಕ್ಟೋಬರ್ 30ರಂದು ತೀರಿಕೊಂಡರು.

ಆದರೆ 'ಸಾವಕಾರಿ ಪಾಶ್'ನ ಆ ರೈತನನ್ನು ಇಂದು ನಾವು ನೋಡಲಾರೆವು. ಆ ಚಿತ್ರ ಉಳಿದಿಲ್ಲ. ಆಗಿನ ರೀಲು ನೈಟ್ರೇಟ್‌ನದು: ಇಟ್ಟಲ್ಲೇ ಕೊಳೆಯುತ್ತದೆ, ಬೆಂಕಿ ತಾಗಿದರೆ ಆರಿಸುವುದು ಕಷ್ಟ. ಪುಣೆಯಲ್ಲಿ 2003ರ ಜನವರಿಯಲ್ಲಿ ಬಿದ್ದ ಬೆಂಕಿಯಲ್ಲೂ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಅನೇಕ ಹಳೆಯ ರೀಲುಗಳು ಸುಟ್ಟವು.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ರೀಲಿನ ಡಬ್ಬಿ ಇದ್ದರೆ ಗುಜರಿಗೆ ಹಾಕಬೇಡಿ. ಬಿಸಿಲು, ಬೆಂಕಿಯಿಂದ ದೂರವಿಟ್ಟು ಸಂಗ್ರಹಾಲಯಕ್ಕೆ ತಿಳಿಸಿ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.