ಮರದ ಗುಂಡುಗಳ ಮೇಷ್ಟ್ರು

ಕಳೆದ ದಸರಾ ರಜೆಗೆ ಗೌಡಗೆರೆಗೆ ಬಂದಿದ್ದಾಗ, ಏಳನೇ ತರಗತಿ ಓದುವ ಚಿಕ್ಕಮ್ಮನ ಮಗಳು ಪರಮಾಣು ತೋರಿಸು ಅಣ್ಣ ಎಂದು ಗಂಟುಬಿದ್ದಳು. ಬಿಇ ಓದುವವನಿಗೆ ಇಷ್ಟೂ ಬರುವುದಿಲ್ಲವೇ ಎಂಬ ಧಾಟಿ ಬೇರೆ. ಕಣ್ಣಿಗೆ ಕಾಣದ್ದನ್ನು ತೋರಿಸುವುದು ಹೇಗೆ? ಕೊನೆಗೆ ಕೆರೆಯಿಂದ ಜೇಡಿಮಣ್ಣು ತಂದು ಉಂಡೆ ಕಟ್ಟಿ, ಪೊರಕೆಕಡ್ಡಿ ಚುಚ್ಚಿ ನೀರಿನ ಅಣು ಮಾಡಿದೆವು. ಈ ಉಪಾಯ ನನ್ನದಲ್ಲ. ಇನ್ನೂರು ವರ್ಷಗಳ ಹಿಂದೆ ಜಾನ್ ಡಾಲ್ಟನ್ ಎಂಬ ಮೇಷ್ಟ್ರು ಇದನ್ನೇ ಮಾಡಿದ್ದರು.

ಡಾಲ್ಟನ್ನರ ಪರಮಾಣು ಸಿದ್ಧಾಂತದ ಅಂಶಗಳನ್ನು ಪರೀಕ್ಷೆಗಾಗಿ ನಾವೆಲ್ಲ ಉರುಹೊಡೆದವರೇ. ಆದರೆ ಅವರು ಬದುಕಿನುದ್ದಕ್ಕೂ ಪಾಠ ಹೇಳಿಯೇ ಹೊಟ್ಟೆ ಹೊರೆದವರು ಎಂದು ನನಗೆ ಯಾರೂ ಹೇಳಿರಲಿಲ್ಲ.

ಅವರು ಹುಟ್ಟಿದ್ದು 1766ರಲ್ಲಿ, ಉತ್ತರ ಇಂಗ್ಲೆಂಡಿನ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ. ನಮ್ಮ ಶಿರಾ ಸೀಮೆಯ ಕಂಬಳಿ ನೇಯುವವರ ಹಾಗೆ ಅವರ ಅಪ್ಪನದೂ ಮಗ್ಗದ ಬದುಕು. ಹನ್ನೆರಡನೇ ವಯಸ್ಸಿಗೇ ಹುಡುಗ ಊರಿನಲ್ಲಿ ಪಾಠ ಹೇಳಲು ನಿಂತ. ಕೆಲವು ಶಿಷ್ಯರು ಮೇಷ್ಟ್ರಿಗಿಂತ ದೊಡ್ಡವರು. ಗದರಿಸಿದರೆ ಹೊಡೆದಾಟಕ್ಕೇ ಕರೆಯುತ್ತಿದ್ದರಂತೆ! ನಡುವೆ ಸ್ವಲ್ಪ ಕಾಲ ಹೊಲದ ಕೆಲಸವನ್ನೂ ಮಾಡಿ, ಹದಿನೈದರ ಹೊತ್ತಿಗೆ ಕೆಂಡಾಲ್ ಪಟ್ಟಣ ಸೇರಿ ಅಣ್ಣನ ಜೊತೆ ಶಾಲೆ ನಡೆಸಿದರು. ಅಲ್ಲಿ ಅವರಿಗೆ ಗಣಿತ ಕಲಿಸಿದವರು ಜಾನ್ ಗಾಫ್. ಗಾಫ್ ಅಂಧರು. 1787ರಲ್ಲಿ ಡಾಲ್ಟನ್ ದಿನವೂ ಹವಾಮಾನ ಬರೆದಿಡತೊಡಗಿದರು. ಆ ದಿನಚರಿ ಅವರು ಸಾಯುವ ಹಿಂದಿನ ದಿನದವರೆಗೂ ನಡೆಯಿತು.

ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿ ಅವರಿಗೆ ಸಿಗುವಂತಿರಲಿಲ್ಲ. ಕ್ವೇಕರ್ ಪಂಥದವರು ಎಂಬುದಷ್ಟೇ ಕಾರಣ. 1793ರಲ್ಲಿ ಮ್ಯಾಂಚೆಸ್ಟರಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಏಳು ವರ್ಷದ ನಂತರ ಅದನ್ನೂ ಬಿಟ್ಟು ಮನೆಪಾಠಕ್ಕೆ ಇಳಿದರು. ಕೆಂಪು ಬಣ್ಣ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ತಮ್ಮ ಆ ಕೊರತೆಯನ್ನೇ ಪರೀಕ್ಷಿಸಿ 1794ರಲ್ಲಿ ಪ್ರಬಂಧ ಮಂಡಿಸಿದರು. ಇದೂ ನಾನು ಶಾಲೆಯಲ್ಲಿ ಕೇಳದ ಸಂಗತಿ.

ಪರಮಾಣುವಿನ ಯೋಚನೆ ಹಳೆಯದು. ಅದಕ್ಕೆ ತೂಕ ಕೊಟ್ಟವರು ಡಾಲ್ಟನ್. ಇಂಗಾಲ ಮತ್ತು ಆಮ್ಲಜನಕ ಸೇರಿ ಎರಡು ಬಗೆಯ ಅನಿಲ ಆಗುತ್ತವೆ. ಒಂದೇ ತೂಕದ ಇಂಗಾಲಕ್ಕೆ ಮೊದಲನೆಯದರಲ್ಲಿ ಎಷ್ಟು ಆಮ್ಲಜನಕ ಸೇರುತ್ತದೋ, ಎರಡನೆಯದರಲ್ಲಿ ಸರಿಯಾಗಿ ಅದರ ಎರಡು ಪಟ್ಟು ಸೇರುತ್ತದೆ. ಒಂದೂಕಾಲು, ಒಂದೂಮುಕ್ಕಾಲು ಎಂಬ ಲೆಕ್ಕವಿಲ್ಲ. ಅಂದರೆ ವಸ್ತುಗಳು ರಾಗಿ ಹಿಟ್ಟಿನ ಹಾಗೆ ಬೆರೆಯುವುದಿಲ್ಲ, ಕಾಳುಗಳ ಹಾಗೆ ಎಣಿಕೆಯಲ್ಲಿ ಸೇರುತ್ತವೆ. 1803ರಲ್ಲಿ ಅವರು ಪರಮಾಣು ತೂಕಗಳ ಮೊದಲ ಪಟ್ಟಿ ಬರೆದರು. 1808ರಲ್ಲಿ ಪುಸ್ತಕ ಬಂತು.

ಶಿಷ್ಯರಿಗೆ ಇದನ್ನು ಕಾಣಿಸಬೇಕಲ್ಲ? ಸುಮಾರು 1810ರಲ್ಲಿ ಗೆಳೆಯ ಪೀಟರ್ ಯೂವರ್ಟ್ ಅವರಿಗಾಗಿ ಒಂದಂಗುಲದ ಮರದ ಗುಂಡುಗಳನ್ನು ಮಾಡಿಕೊಟ್ಟರು. ಗುಂಡುಗಳಲ್ಲಿ ತೂತು, ಜೋಡಿಸಲು ಪಿನ್ನು. ಯೂವರ್ಟ್ ಎಂಜಿನಿಯರ್ ಆಗಿದ್ದರೆಂದು ಓದಿ ನನಗೆ ಒಳಗೊಳಗೇ ಖುಷಿಯಾಯಿತು. ಡಾಲ್ಟನ್ ಈ ಗುಂಡುಗಳನ್ನು ಪಾಠಕ್ಕೆ ಬಳಸಿದರು. ಅವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಅವರ ಮನೆಪಾಠದ ಹುಡುಗರಲ್ಲಿ ಒಬ್ಬ ಜೇಮ್ಸ್ ಜೌಲ್. ನಾವು ಶಕ್ತಿಯ ಲೆಕ್ಕದ ಕೊನೆಗೆ ಬರೆಯುವ ಜೌಲ್ ಅವನ ಹೆಸರೇ.

ಮೇಷ್ಟ್ರು ತಪ್ಪಿದ್ದೂ ಉಂಟು. ಅವರ ನೀರಿನಲ್ಲಿ ಒಂದು ಆಮ್ಲಜನಕಕ್ಕೆ ಒಂದೇ ಜಲಜನಕ. ಆಮ್ಲಜನಕದ ತೂಕವೂ ಹದಿನಾರರ ಬದಲು ಏಳರ ಹತ್ತಿರ ನಿಂತಿತ್ತು. ಪರಮಾಣುವನ್ನು ಒಡೆಯಲಾಗದು ಎಂದು ಅವರು ನಂಬಿದ್ದರು. 1897ರಲ್ಲಿ ಎಲೆಕ್ಟ್ರಾನ್ ಕಂಡುಹಿಡಿದ ಥಾಮ್ಸನ್ ಹುಟ್ಟಿದ್ದು ಮ್ಯಾಂಚೆಸ್ಟರಿನಲ್ಲೇ. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಎಂದು 1911ರಲ್ಲಿ ರುದರ್‌ಫೋರ್ಡ್ ಹೇಳಿದ್ದೂ ಅದೇ ಊರಿನಿಂದ. ಪಾಠಕ್ಕೆ ಮಾಡಿದ ಮಾದರಿ ತಪ್ಪಾಗಿರಬಹುದು ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು ಅನ್ನಿಸುತ್ತದೆ. ನಾನು ಹೇಳಿರಲಿಲ್ಲ.

ಮದುವೆಯಾಗದೆ, ಸರಳವಾಗಿ ಬದುಕಿದ ಡಾಲ್ಟನ್ 1844ರ ಜುಲೈ 27ರಂದು ತೀರಿಕೊಂಡರು. ಮ್ಯಾಂಚೆಸ್ಟರಿನ ಪುರಭವನದಲ್ಲಿ ಸುಮಾರು 40,000 ಜನ ಸಾಲುಗಟ್ಟಿ ಅಂತಿಮ ದರ್ಶನ ಪಡೆದರು.

ನಮ್ಮ ಜೇಡಿಮಣ್ಣಿನ ಉಂಡೆಗಳು ಒಣಗಿ ಬಿರುಕು ಬಿಟ್ಟಿವೆಯಂತೆ. ಒಂದನ್ನು ಒಡೆದು ನೋಡಿದ ತಂಗಿ, ನಿಜವಾದ ಪರಮಾಣುವಿನ ಒಳಗೂ ಹೀಗೆ ಬರೀ ಮಣ್ಣೇ ತುಂಬಿರುತ್ತದಾ ಎಂದು ಫೋನಿನಲ್ಲಿ ಕೇಳಿದಳು. ಸಂಕ್ರಾಂತಿಗೆ ಹೋದಾಗ ರುದರ್‌ಫೋರ್ಡರ ಕಥೆ ಹೇಳಬೇಕು.