ಧೋತರ ಆರೋ ತನಕ ಕಾವ್ಯ: ವೀರನಾರಾಯಣನ ಗುಡಿಯಲ್ಲಿ ಭಾರತ ಬರೆದ ನಾರಣಪ್ಪ

ಗದಗ: ವೀರನಾರಾಯಣ ಗುಡಿಯ ರಂಗಮಂಟಪದಲ್ಲಿ ಒಂದು ಕಂಬಕ್ಕೆ ಕುಮಾರವ್ಯಾಸ ಕಂಬ ಅಂತಲೇ ಹೆಸರು. ಕೋಳಿವಾಡದ ನಾರಣಪ್ಪ ಇದಕ್ಕೇ ಒರಗಿ ಕೂತು ಕನ್ನಡದಲ್ಲಿ ಭಾರತ ಬರೆದ ಅನ್ನೋದು ತಲೆತಲಾಂತರದಿಂದ ಬಂದ ನಂಬಿಕೆ.

ಕೋಳಿವಾಡ ಅಂದರೆ ಈಗಿನ ಹುಬ್ಬಳ್ಳಿ ತಾಲ್ಲೂಕಿನ ಊರು. ನಾರಣಪ್ಪನದು ಶಾನುಭೋಗರ ಮನೆತನ ಅಂತಾರೆ. ಅವನ ಕಾಲದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ, ಆದರೂ 15ನೇ ಶತಮಾನ ಅಂತ ಹೆಚ್ಚಿನವರು ಒಪ್ಪಿದ್ದಾರೆ. ಹುಟ್ಟಿದ ವರ್ಷ, ತೀರಿಕೊಂಡ ದಿನ ಒಂದೂ ದಾಖಲಾಗಿಲ್ಲ. ಅವನ ಬಾಳು ಅಂತ ಜನರ ಬಾಯಲ್ಲಿ ಉಳಿದಿರೋದು ಬಹುಪಾಲು ಈ ಗುಡಿಯ ಕಥೆಯೇ.

ಆ ಕಥೆ ಹೀಗಿದೆ. ಭಾರತ ಬರೀಬೇಕು ಅನ್ನೋ ಆಸೆ ನಾರಣಪ್ಪನಿಗೆ ಬಲವಾಗಿತ್ತು, ದಾರಿ ಮಾತ್ರ ಕಾಣಲಿಲ್ಲ. ವೀರನಾರಾಯಣನ ಸೇವೆಗೆ ನಿಂತ. ದೇವರು ಕನಸಿನಲ್ಲಿ ಬಂದು, ದ್ವಾದಶಿ ಪಾರಣೆಯ ಊಟಕ್ಕೆ ಬರೋ ಬ್ರಾಹ್ಮಣರಲ್ಲಿ ಒಬ್ಬ ಅಶ್ವತ್ಥಾಮ ಇರ್ತಾನೆ, ಅವನ ಕಾಲು ಹಿಡಿ ಅಂದ. ಕುರುಕ್ಷೇತ್ರವನ್ನು ಕಣ್ಣಾರೆ ಕಂಡ ಚಿರಂಜೀವಿ ಅವನು. ಕಥೆ ಹೇಳೋಕೆ ಒಪ್ಪಿದ, ಆದರೆ ಗುಟ್ಟು ಬಿಡಬಾರದು ಅಂತ ಕರಾರು ಹಾಕಿದ. ಅಲ್ಲಿಂದ ಶುರುವಾಯ್ತು ನಿತ್ಯದ ನೇಮ. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಧೋತರದಲ್ಲೇ ಕಂಬದ ಹತ್ತಿರ ಕೂಡೋದು. ಮೈಮೇಲಿನ ಬಟ್ಟೆ ಹಸಿ ಇರೋ ತನಕ ಪದ್ಯ ಹರಿಯೋದು. ಆರಿತೋ, ಅವತ್ತಿನ ಕಾವ್ಯ ಅಲ್ಲಿಗೇ ಬಂದ್.

ಇದನ್ನು ಪವಾಡ ಅಂತ ನಂಬೋರು ನಂಬಲಿ. ನಂಬದವರಿಗೂ ಇದರಲ್ಲಿ ಕೆಲಸಗಾರನ ಜಾಣತನ ಕಾಣುತ್ತೆ. ಗದಗಿನ ಗಾಳಿಗೆ ಧೋತರ ಆರೋಕೆ ಎಷ್ಟು ಹೊತ್ತು ಬೇಕು! ಅಷ್ಟರೊಳಗೆ ಆದಷ್ಟು ಬರೀಬೇಕು, ಉಳಿದದ್ದು ನಾಳೆಗೆ. ಹೊಳೆದಾಗ ಬರೆದರಾಯ್ತು ಅಂತ ಕೂತಿದ್ದರೆ ಎಂಟು ಸಾವಿರಕ್ಕೂ ಹೆಚ್ಚು ಪದ್ಯ ಆಗ್ತಿರಲಿಲ್ಲ.

ಪದ್ಯವೂ ಸಲೀಸಿನದಲ್ಲ, ಭಾಮಿನಿ ಷಟ್ಪದಿ. ಆರು ಸಾಲಿಗೆ ಒಟ್ಟು 102 ಮಾತ್ರೆ, ಮೂರು ನಾಲ್ಕು ಮೂರು ನಾಲ್ಕು ಅಂತ ಓಡೋ ಲಯ, ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಲೇಬೇಕು. ಇಷ್ಟು ಕಟ್ಟಿನೊಳಗೆ ಬರೆದೂ, ತಾನು ಹಲಗೆ ಬಳಪ ಹಿಡಿದು ತಿದ್ದಿದವನಲ್ಲ, ಇಟ್ಟ ಪದ ಅಳಿಸಿದವನಲ್ಲ, ಓಲೆಗರಿ ಮೇಲೆ ಕಂಟದ ಸದ್ದು ನಿಲ್ಲಿಸಿದವನಲ್ಲ ಅಂತ ಪೀಠಿಕೆಯಲ್ಲೇ ಹೇಳಿಕೊಂಡಿದ್ದಾನೆ. ಲೆಕ್ಕದ ಪುಸ್ತಕದಲ್ಲಿ ಒಂದು ಸಾಲೂ ಹೊಡೆದುಹಾಕದ ಅಂಗಡಿಕಾರ ಎಲ್ಲಾದರೂ ಸಿಕ್ಕಾನೇ? ಕೇಳಿದರೆ ಜಂಬ ಅನಿಸುತ್ತೆ. ಆದರೆ ಅದೇ ಪೀಠಿಕೆಯಲ್ಲಿ, ಕವಿ ವೀರನಾರಾಯಣ, ತಾನು ಬರೀ ಬರೆದುಕೊಳ್ಳೋನು ಅಂತಲೂ ಹೇಳ್ತಾನೆ. ಕಾವ್ಯ ಚಲೋ ಆಗುತ್ತೋ ಇಲ್ಲವೋ ಅನ್ನೋ ಅಂಜಿಕೆಯನ್ನು ದೇವರ ತಲೆಗೆ ಕಟ್ಟಿದ ಮೇಲೆ ಕೈ ಯಾಕೆ ತಡೀತದೆ? ರಾಮಾಯಣ ಬರೆದವರ ಭಾರಕ್ಕೆ ಆದಿಶೇಷ ತಿಣುಕುತ್ತಿದ್ದಾನೆ ಅಂತ ಚೇಷ್ಟೆ ಮಾಡೋ ಧೈರ್ಯವೂ ಆ ನಿರಾಳದಿಂದಲೇ ಬಂದಿರಬೇಕು.

ಕಥೆಯ ಕೊನೆ ಮಾತ್ರ ಕಹಿ. ನಾರಣಪ್ಪ ಗುಟ್ಟನ್ನು ಹೆಂಡತಿಗೆ ಹೇಳಿಬಿಟ್ಟ, ಅಶ್ವತ್ಥಾಮ ಸಿಟ್ಟಾಗಿ ಮಾಯವಾದ, ಕಾವ್ಯ ಗದಾಪರ್ವಕ್ಕೇ ನಿಂತಿತು ಅಂತಾರೆ. ಹದಿನೆಂಟು ಪರ್ವದ ಭಾರತದಲ್ಲಿ ಅವನು ಬರೆದದ್ದು ಹತ್ತು. ಈ ಕಥೆಯಲ್ಲಿ ಆ ಹೆಣ್ಣುಮಗಳ ಮೇಲೆ ಸುಮ್ಮನೆ ಗೂಬೆ ಕೂರಿಸಿದಂತಿದೆ. ಮಾತು ತಪ್ಪಿದವನು ಗಂಡ, ಹೆಸರು ಕೆಟ್ಟದ್ದು ಹೆಂಡತಿಯದು! ಕಾವ್ಯ ಓದಿದರೆ ಅರ್ಧಕ್ಕೆ ಬಿಟ್ಟ ಲಕ್ಷಣವೂ ಕಾಣೋದಿಲ್ಲ. ಅವನು ಹೇಳ್ತೀನಿ ಅಂತ ಹೊರಟಿದ್ದು ಕೃಷ್ಣನ ಕಥೆ. ಯುದ್ಧ ಮುಗಿದು, ಧರ್ಮರಾಯನಿಗೆ ಪಟ್ಟ ಕಟ್ಟಿದ ಮೇಲೆ ಆ ಕೆಲಸ ಮುಗಿದ ಹಾಗೇ. ಎಲ್ಲಿ ನಿಲ್ಲಿಸಬೇಕು ಅನ್ನೋದು ಅವನಿಗೆ ಗೊತ್ತಿತ್ತು ಅನ್ನೋದೇ ಹೆಚ್ಚು ಸರಿ.

ಉಳಿದ ಪರ್ವಗಳನ್ನು ಮುಂದೆ ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರೈಸಿದ. ಅದನ್ನು ಓದಿಸೋರು ಕಡಿಮೆ. ನಾರಣಪ್ಪನ ಭಾರತವೋ ಗಮಕಿಗಳ ಬಾಯಲ್ಲಿ ಕಟ್ಟೆ ಕಟ್ಟೆಗೆ ಹೋಯಿತು. 1958ರಲ್ಲಿ ಆಗಿನ ಮೈಸೂರು ಸರ್ಕಾರ ಕುವೆಂಪು, ಮಾಸ್ತಿ ಅವರ ಸಂಪಾದಕತ್ವದಲ್ಲಿ ಅಚ್ಚು ಹಾಕಿಸಿ ಅಗ್ಗದ ಬೆಲೆಗೆ ಜನರ ಕೈಗಿತ್ತಿತು. ಮಳೆ ಕೈಕೊಟ್ಟ ವರ್ಷ ಊರವರು ಕೂಡಿ ವಿರಾಟಪರ್ವ ಓದಿಸೋ ರೂಢಿ ಹಳ್ಳಿಗಳಲ್ಲಿದೆ. ಮೋಡ ನೋಡುತ್ತಾ ಕೂತ ರೈತರ ನಡುವೆ, ರಾತ್ರಿಯೆಲ್ಲ, ಅದೇ ಮೂರು ನಾಲ್ಕರ ಲಯದಲ್ಲಿ.